ಕ್ಷೌರದ ಕತ್ತಿಗೆ ಸಾಣೆ ಹಿಡಿದವರು

ಕನ್ನಡದಲ್ಲಿ ‘ಕತ್ತಿ ಮಸೆಯುವುದು’ ಅಂದರೆ ಹಗೆ ಸಾಧಿಸುವುದು ಎಂದರ್ಥ. ನಾನು ಇಲ್ಲಿ ಬರೆಯಹೊರಟಿರುವುದು ನಿಜವಾಗಿಯೇ ಕತ್ತಿ ಮಸೆಯುವ ಬಗ್ಗೆ. ಅದೂ ಯುದ್ಧದ ಕತ್ತಿಯಲ್ಲ, ಗಡ್ಡ ಹೆರೆಯುವ ಕತ್ತಿ. ನಮ್ಮ ಮನೆಯಲ್ಲಿ ಅದಕ್ಕೆ ಉಸ್ತ್ರಾ ಎನ್ನುತ್ತಿದ್ದರು. ದಾದಾ ಬಳಸುತ್ತಿದ್ದ ಒಂದು ಉಸ್ತ್ರಾ, ಹಿಡಿಯೊಳಗೆ ಮಡಚಿಕೊಳ್ಳುವಂಥದ್ದು, ಅಬ್ಬಾನ ಟ್ರಂಕಿನ ತಳದಲ್ಲಿ ಹಳೆಯ ಬಟ್ಟೆಯ ತುಂಡಿನಲ್ಲಿ ಸುತ್ತಿಕೊಂಡು ಬಿದ್ದಿತ್ತು. ಕಾಲೇಜಿನ ಒಂದು ರಜೆಯಲ್ಲಿ ಅದನ್ನು ಹರಿತ ಮಾಡುವ ಹುಚ್ಚು ನನಗೆ ಹತ್ತಿತು. ಅಮ್ಮಿ ಅಡಿಗೆಮನೆಯ ಚೂರಿಯನ್ನು ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಉಜ್ಜುತ್ತಿದ್ದುದನ್ನು ನೋಡಿದ್ದೆನಲ್ಲ, ನಾನೂ ಹಾಗೆಯೇ ಬೆನ್ನನ್ನು ಮೇಲೆತ್ತಿ ಅಲಗನ್ನು ಓರೆ ಹಿಡಿದು ಉಜ್ಜಿದೆ. ಐದೇ ನಿಮಿಷದಲ್ಲಿ ಅಲಗು ಗರಗಸವಾಯಿತು.

ಮೊಹಲ್ಲಾದ ವೃದ್ಧ ಹಜಾಮರೊಬ್ಬರಿಗೆ ಅದನ್ನು ತೋರಿಸಿದಾಗ ಅವರು ಬೈಯಲಿಲ್ಲ. ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿ, ತಮ್ಮ ಪೆಟ್ಟಿಗೆಯಿಂದ ಅಂಗೈಯಗಲದ ಒಂದು ಕಲ್ಲು ತೆಗೆದು, ಕತ್ತಿಯನ್ನು ಅದರ ಮೇಲೆ ಮಲಗಿಸಿ, “ಪೀಠ್ ನಕ್ಕೋ ಉಠಾ ಬೇಟಾ” ಎಂದರು. ಬೆನ್ನು ಎತ್ತಬೇಡ ಮಗಾ. ಕ್ಷೌರದ ಕತ್ತಿ ಮಸೆಯುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಆ ಒಂದು ಮಾತಿನಲ್ಲಿ ಇತ್ತು ಎನ್ನುವುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಇದೇ ವಿದ್ಯೆಯನ್ನು ಮನೆಯಲ್ಲೇ ಕಲಿಯಬೇಕೆಂದು ಹಟ ಹಿಡಿದ ದೊಡ್ಡ ಮನುಷ್ಯರ ಒಂದು ಕಾಲ ಇತ್ತು, ಅವರಿಗಾಗಿ ಪುಸ್ತಕಗಳೇ ಅಚ್ಚಾಗಿದ್ದವು ಎಂಬುದು ತಿಳಿದದ್ದು ಇನ್ನೂ ಆಮೇಲೆ.

1769ರಲ್ಲಿ ಪ್ಯಾರಿಸಿನಲ್ಲಿ ‘ಪೊಗೊನೊಟೊಮಿ’ ಎಂಬ ಪುಸ್ತಕ ಹೊರಬಂತು. ಗ್ರೀಕಿನಲ್ಲಿ ‘ಪೊಗೊನ್’ ಎಂದರೆ ಗಡ್ಡ. ಬರೆದವನು ಜಾನ್ ಜಾಕ್ ಪೆರೆ. ಚಾಕು, ಕತ್ತರಿ, ಕ್ಷೌರದ ಕತ್ತಿಗಳನ್ನು ಮಾಡುವ ಕಸುಬಿನ ಉಸ್ತಾದ. ಹೆಸರಿಗೆ ಗ್ರೀಕಿನ ಠೀವಿ ಇದ್ದರೂ ಪುಸ್ತಕದ ಉಪಶೀರ್ಷಿಕೆ ನೇರವಾಗಿದೆ: ತನ್ನ ಗಡ್ಡವನ್ನು ತಾನೇ ಹೆರೆದುಕೊಳ್ಳಲು ಕಲಿಯುವ ಕಲೆ. ಅಲ್ಲಿಗೆ ಮುಗಿಯುವುದಿಲ್ಲ. ಆ ಕಾಲದ ಪುಸ್ತಕಗಳ ಹೆಸರು ರೈಲುಬಂಡಿಯಂತೆ ಉದ್ದ. ಉಪಕರಣಗಳನ್ನು ಮಸೆಯಲು ತಕ್ಕ ಕಲ್ಲುಗಳನ್ನು ಗುರುತಿಸುವ ಬಗೆ, ಕತ್ತಿ ತೀಡುವ ಚರ್ಮವನ್ನು ಸಿದ್ಧಪಡಿಸುವ ಬಗೆ, ಕೊನೆಗೆ ರಕ್ತ ತೆಗೆಯುವ ಚಿಕಿತ್ಸೆಯ ಬಗ್ಗೆ ಒಂದು ಮುಖ್ಯ ಟಿಪ್ಪಣಿ ಎಂದು ಅದು ಮುಂದುವರಿಯುತ್ತದೆ.

ಗಡ್ಡದ ಪುಸ್ತಕದಲ್ಲಿ ರಕ್ತ ತೆಗೆಯುವ ಮಾತು ಏಕೆ ಬಂತೆಂದು ಇಂದಿನ ಓದುಗನಿಗೆ ಅನಿಸಬಹುದು. ಅಂದಿನವರಿಗೆ ಅದು ಸಹಜ. ಯುರೋಪಿನಲ್ಲಿ ಶತಮಾನಗಳ ಕಾಲ ಕ್ಷೌರಿಕನೂ ಶಸ್ತ್ರವೈದ್ಯನೂ ಒಬ್ಬನೇ ಆಗಿದ್ದ. ಹುಣ್ಣು ಕೊಯ್ಯುವುದು, ಹಲ್ಲು ಕೀಳುವುದು, ನರ ಕೊಯ್ದು ರಕ್ತ ಹರಿಸುವುದು, ಗಡ್ಡ ತೆಗೆಯುವುದು ಎಲ್ಲಕ್ಕೂ ಬೇಕಾದದ್ದು ಒಂದೇ, ಹರಿತವಾದ ಅಲಗು ಮತ್ತು ನಡುಗದ ಕೈ. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ, 1540ರಲ್ಲಿ, ಎರಡೂ ಕಸುಬಿನವರನ್ನು ಒಂದೇ ಸಂಘದಲ್ಲಿ ಕೂಡಿಸಲಾಗಿತ್ತು. 1745ರಲ್ಲಿ ಶಸ್ತ್ರವೈದ್ಯರು ಹೊರಬಂದರು. ಫ್ರಾನ್ಸಿನಲ್ಲಿ ಈ ಪಾಲು ಅದಕ್ಕಿಂತ ಎರಡು ವರ್ಷ ಮೊದಲೇ, 1743ರಲ್ಲಿ ಆಗಿತ್ತು. ಶಸ್ತ್ರವೈದ್ಯನ ಪಾಲಿಗೆ ಕಾಲೇಜು, ಮರ್ಯಾದೆ ಬಂದವು. ಕ್ಷೌರಿಕನ ಪಾಲಿಗೆ ಸೋಪಿನ ನೊರೆ ಉಳಿಯಿತು.

ಪೆರೆಯ ಪುಸ್ತಕ ಬಂದದ್ದು ಈ ಪಾಲಾದ ಕಾಲು ಶತಮಾನದ ನಂತರ. ಅವನ ಸುತ್ತಲಿನ ಹವೆಯೂ ಬದಲಾಗಿತ್ತು. ಡಿಡೆರೊ ಮತ್ತು ಅವನ ಗೆಳೆಯರು 1751ರಿಂದ ಹೊರತರತೊಡಗಿದ ವಿಶ್ವಕೋಶದಲ್ಲಿ ಕಮ್ಮಾರ, ನೇಕಾರ, ಗಾಜು ಊದುವವ ಮೊದಲಾದವರ ಕೆಲಸಗಳನ್ನು ಚಿತ್ರಸಹಿತ ವಿವರಿಸಲಾಗುತ್ತಿತ್ತು. ಡಿಡೆರೊ ತಾನೇ ಲಾಂಗ್ರ್ ಎಂಬ ಊರಿನ ಚಾಕು ಮಾಡುವವನ ಮಗ. ಅವನ ತಂದೆಯ ಅಂಗಡಿಯಲ್ಲಿ ವೈದ್ಯರ ಅಲಗುಗಳು ತಯಾರಾಗುತ್ತಿದ್ದವು. ಅದುವರೆಗೆ ಅಪ್ಪನಿಂದ ಮಗನಿಗೆ, ಉಸ್ತಾದನಿಂದ ಶಾಗಿರ್ದನಿಗೆ ದಾಟುತ್ತಿದ್ದ ಕಸುಬಿನ ಗುಟ್ಟುಗಳು ಅಚ್ಚಿನ ಮೊಳೆಗಳಿಗೆ ಇಳಿಯುತ್ತಿದ್ದವು. ಪೆರೆಯ ಮುಂದಿನ ದೊಡ್ಡ ಗ್ರಂಥ, ಚಾಕು ಮಾಡುವ ಕಲೆಯ ಬಗೆಗಿನದು, 1771-72ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮಾಲೆಯಲ್ಲೇ ಬಂತು. ಗಡ್ಡದ ಪುಸ್ತಕ ಅದರ ಮುನ್ನುಡಿ ಎನ್ನಬಹುದು. ಬಡಗಿಯ ಕೀಸುಳಿಯಲ್ಲಿ ಅಲಗು ಎಷ್ಟು ಬೇಕೋ ಅಷ್ಟೇ ಹೊರಬರುವುದನ್ನು ಕಂಡು, ಕ್ಷೌರದ ಕತ್ತಿಗೂ ಅಂಥದೊಂದು ಕಾವಲು ಪಟ್ಟಿ ಹಾಕುವ ಉಪಾಯವೂ ಅವನದೇ. ಇಂದಿನ ರೇಜರ್‌ಗಳ ಮುತ್ತಜ್ಜ ಅದು.

ದೊಡ್ಡವರಿಗೆ ಈ ವಿದ್ಯೆ ಏಕೆ ಬೇಕಾಯಿತು? ಕ್ಷೌರಿಕನನ್ನು ಕರೆಸಲು ಅವರಿಗೆ ಕಾಸಿನ ತೊಂದರೆ ಇರಲಿಲ್ಲ. ಪ್ರಯಾಣದಲ್ಲಿ ಎಲ್ಲ ಊರಿನಲ್ಲೂ ಒಳ್ಳೆಯ ಕ್ಷೌರಿಕ ಸಿಗುವುದಿಲ್ಲ ಎಂಬುದು ಒಂದು ಕಾರಣ. ಪರರ ಕೈಗೆ ಕತ್ತಿ ಕೊಟ್ಟು ಕೊರಳು ಒಡ್ಡಿ ಕೂರುವುದು ಇನ್ನೊಂದು. ಎಲ್ಲ ಭಾಷೆಗಳಲ್ಲೂ ರಾಜನ ಮತ್ತು ಕ್ಷೌರಿಕನ ಕತೆಗಳಿವೆ. ಎಲ್ಲದರಲ್ಲೂ ರಾಜ ಹೆದರುವುದು ಆ ಒಂದು ಗಳಿಗೆಯಲ್ಲೇ.

ಕತ್ತಿ ಕೊಳ್ಳುವುದು ಸುಲಭ, ಅದನ್ನು ಹರಿತವಾಗಿ ಇಟ್ಟುಕೊಳ್ಳುವುದು ಕಷ್ಟ. ಪೆರೆಯ ಕಾಲದಿಂದ ಇಂದಿನವರೆಗೆ ಇದರ ಮೂಲಸೂತ್ರ ಬದಲಾಗಿಲ್ಲ. ಕ್ಷೌರದ ಕತ್ತಿಯನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಅದು ಬೆಣೆಯ ಆಕಾರ. ಬೆನ್ನು ದಪ್ಪ, ಅಲಗು ತೆಳು. ಬೆನ್ನು ಮತ್ತು ಅಲಗು ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿದರೆ ಮಸೆಯುವ ಕೋನ ತಾನಾಗಿಯೇ ಸಿದ್ಧವಾಗುತ್ತದೆ, ಸುಮಾರು 15ರಿಂದ 18 ಡಿಗ್ರಿ. ಬೆನ್ನೇ ಇಲ್ಲಿ ಗುರು. ಬೆನ್ನು ಎತ್ತಿದವನು ಗುರುವನ್ನು ಬಿಟ್ಟವನು. ಅಡಿಗೆಯ ಚೂರಿಗೆ ಈ ಸೌಲಭ್ಯವಿಲ್ಲ, ಅದರ ಕೋನವನ್ನು ಕೈಯೇ ಲೆಕ್ಕ ಹಾಕಬೇಕು. ನಾನು ತಪ್ಪಿದ್ದು ಇಲ್ಲೇ.

ಕಲ್ಲಿನ ಮೇಲೆ ಕತ್ತಿ ಅಲಗು ಮುಂದಾಗಿ ಹೋಗಬೇಕು, ಕಲ್ಲಿನಿಂದ ತೆಳ್ಳನೆಯ ಪದರವೊಂದನ್ನು ಹೆರೆಯುವ ಹಾಗೆ. ಕಲ್ಲಿನ ಅಗಲ ಕತ್ತಿಯ ಉದ್ದಕ್ಕಿಂತ ಕಡಿಮೆಯಾದ್ದರಿಂದ ಹಿಮ್ಮಡಿಯಿಂದ ತುದಿಯವರೆಗೆ ಓರೆಯಾಗಿ ಎಳೆಯಬೇಕು. ಕೊನೆಗೆ ಬೆನ್ನಿನ ಮೇಲೆ ಮಗುಚಿ ಅದೇ ರೀತಿ ಹಿಂದಕ್ಕೆ. ಒತ್ತುವಂತಿಲ್ಲ. ಕತ್ತಿಯ ಭಾರವೇ ಸಾಕು. ಹೊಸಬರು ಕೆಡಿಸುವುದು ಒತ್ತಿಯೇ. ಒತ್ತಿದರೆ ಅಲಗಿನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಯಂಥ ಸಿವುರು ಏಳುತ್ತದೆ. ಆಗ ಕತ್ತಿ ಮುಟ್ಟಿದರೆ ಹರಿತವೆನಿಸುತ್ತದೆ, ಎರಡು ಎಳೆತಕ್ಕೆ ಆ ತಂತಿ ಮುರಿದು ಮುಖವೆಲ್ಲ ಉರಿ. ಒತ್ತಡ ಕಡಿಮೆ ಮಾಡುತ್ತ, ಕೊನೆಯ ಕೆಲವು ಎಳೆತಗಳನ್ನು ಕಲ್ಲಿನ ಮೇಲೆ ತೇಲಿಸಬೇಕು. ಕಲ್ಲಿನಿಂದ ಬರುವ ಸದ್ದು ಬದಲಾಗುವುದನ್ನು ಕಿವಿ ಗುರುತಿಸಬೇಕು. ಇದನ್ನು ಪುಸ್ತಕದಲ್ಲಿ ಎಷ್ಟು ಬರೆದರೂ ಕೈಗೆ ಬರುವುದು ಹತ್ತಾರು ಸಲ ಕೆಡಿಸಿದ ಮೇಲೆಯೇ.

ಕಲ್ಲುಗಳದ್ದೇ ಒಂದು ಪುರಾಣ. ಯುರೋಪಿನ ಕ್ಷೌರಿಕರು ಮೆಚ್ಚಿದ್ದು ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಸೀಮೆಯ ವಿಲ್ಸಾಲ್ಮ್ ಸುತ್ತಿನ ಹಳದಿ ಕಲ್ಲನ್ನು. ಇದಕ್ಕೆ ಕೊಟಿಕ್ಯೂಲ್ ಎಂದು ಹೆಸರು. ಹಳದಿ ಪದರ ನೆಲದಲ್ಲಿ ಬಹಳ ತೆಳುವಾಗಿ ಸಿಗುವುದರಿಂದ ಅದನ್ನು ಕಪ್ಪು ಪದರಗಲ್ಲಿನ ಮೇಲೆ ಅಂಟಿಸಿ ಮಾರುತ್ತಾರೆ. ಅದರೊಳಗೆ ತುಂಬಿರುವುದು ನಮ್ಮ ನವರತ್ನದ ಗೋಮೇಧಿಕದ ಜಾತಿಗೆ ಸೇರಿದ ಗಾರ್ನೆಟ್ ಹರಳುಗಳು, ಬರಿಗಣ್ಣಿಗೆ ಕಾಣದಷ್ಟು ಚಿಕ್ಕವು. ನೀರು ಚಿಮುಕಿಸಿ ಅದೇ ಜಾತಿಯ ತುಂಡುಗಲ್ಲಿನಿಂದ ಉಜ್ಜಿದರೆ ಹಾಲಿನಂಥ ಕೆಸರು ಬರುತ್ತದೆ, ಆ ಕೆಸರಿನಲ್ಲೇ ಕತ್ತಿ ಮಸೆಯುವುದು. ಕೆಸರು ದಪ್ಪವಿದ್ದಾಗ ಬೇಗ ಸವೆಯುತ್ತದೆ, ನೀರು ಸೇರಿಸುತ್ತ ಹೋದ ಹಾಗೆ ನಯವಾಗುತ್ತದೆ. ಒಂದೇ ಕಲ್ಲು ಒರಟು ಕಲ್ಲಿನ ಕೆಲಸವನ್ನೂ ನುಣುಪು ಕಲ್ಲಿನ ಕೆಲಸವನ್ನೂ ಮಾಡುತ್ತದೆ. ಎಣ್ಣೆ ಹಾಕಿ ಮಸೆಯುವ ಕಲ್ಲು ಉಸ್ಮಾನಿ ತುರ್ಕರ ನಾಡಿನಿಂದ ಯುರೋಪಿಗೆ ಹೋಗುತ್ತಿತ್ತು, ಅಂಗಡಿಗಳಲ್ಲಿ ಅದು ‘ಟರ್ಕಿ ಕಲ್ಲು’. ಅಮೆರಿಕದ ಅರ್ಕನ್ಸಾದಲ್ಲಿ ಸಿಗುವ ಬಿಳಿ ಮಸೆಗಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ನೊವ್ಯಾಕ್ಯುಲೈಟ್. ಅದರ ಬೇರು ಕ್ಷೌರದ ಕತ್ತಿ ಎಂಬ ಅರ್ಥದ ಲ್ಯಾಟಿನ್ ಪದ.

ಕಲ್ಲಿನ ನಂತರ ಚರ್ಮ. ಚರ್ಮದ ಪಟ್ಟಿಯ ಮೇಲೆ ಕತ್ತಿ ತಿರುವುಮುರುವಾಗಿ, ಬೆನ್ನು ಮುಂದಾಗಿ ಹೋಗಬೇಕು. ಅಲಗು ಮುಂದಾದರೆ ಪಟ್ಟಿ ಸೀಳುತ್ತದೆ. ಕಲ್ಲು ಬೇಕಾಗುವುದು ತಿಂಗಳುಗಳಿಗೊಮ್ಮೆ, ಚರ್ಮ ಪ್ರತಿ ಕ್ಷೌರಕ್ಕೂ ಬೇಕು. ಕ್ಷೌರದಂಗಡಿಯಲ್ಲಿ ಕುರ್ಚಿಯ ಪಕ್ಕ ತೂಗಾಡುತ್ತಿದ್ದ ಪಟ್ಟಿಯ ಮೇಲಿನ ಆ ಚಟ್ ಚಟ್ ಸದ್ದು ನನ್ನ ಓರಗೆಯವರಿಗೆ ನೆನಪಿರಬಹುದು. ಹತ್ತೊಂಬತ್ತನೆಯ ಶತಮಾನದ ಶ್ರೀಮಂತರಂತೂ ಏಳು ಕತ್ತಿಗಳ ಪೆಟ್ಟಿಗೆಯನ್ನೇ ಇಟ್ಟುಕೊಳ್ಳುತ್ತಿದ್ದರು. ಪ್ರತಿಯೊಂದರ ಬೆನ್ನಿನ ಮೇಲೆ ವಾರದ ಒಂದೊಂದು ದಿನದ ಹೆಸರು. ಒಂದು ದಿನ ದುಡಿದ ಅಲಗಿಗೆ ಆರು ದಿನ ರಜೆ. ಆ ಕತ್ತಿಗಳನ್ನು ಮಾಡಿದ ಶೆಫೀಲ್ಡಿನ ಕೆಲಸಗಾರರಿಗೆ ಅಂಥ ರಜೆ ಇರಲಿಲ್ಲ.

ಕೂದಲಿನಂಥ ಮೆತ್ತನೆಯ ವಸ್ತು ಉಕ್ಕನ್ನು ಹೇಗೆ ಮೊಂಡು ಮಾಡುತ್ತದೆ ಎಂಬುದಕ್ಕೆ ಸರಿಯಾದ ಉತ್ತರ ಸಿಕ್ಕಿದ್ದು ತೀರ ಈಚೆಗೆ. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರಲ್ಲೊಬ್ಬ, ಜಾನ್‌ಲೂಕಾ ರೊಶಿಯೋಲಿ, ತನ್ನ ಗಡ್ಡವನ್ನೇ ಹೆರೆದುಕೊಂಡು ಪ್ರತಿ ಸಲವೂ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದ. ಉಕ್ಕಿಗಿಂತ ಐವತ್ತು ಪಟ್ಟು ಮೆತ್ತಗಿರುವ ಕೂದಲು ಅಲಗನ್ನು ಸವೆಸುವುದಿಲ್ಲ, ಚಕ್ಕೆ ಎಬ್ಬಿಸುತ್ತದೆ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಸಮವಾಗಿಲ್ಲದ ಕಡೆ ಅಂಚು ಸಿಡಿಯುತ್ತದೆ. ನೊರೆ ಹಚ್ಚಿ ಗಡ್ಡವನ್ನು ಚೆನ್ನಾಗಿ ನೆನೆಸದೆ ಉಸ್ತ್ರಾ ಮುಟ್ಟದ ಹಳೆಯ ಹಜಾಮರು ಸೂಕ್ಷ್ಮದರ್ಶಕ ನೋಡಿದವರಲ್ಲ.

ಉಕ್ಕಿನ ಒಳರಚನೆ ಎಂದೆನಲ್ಲ, ಈ ಕತೆಯಲ್ಲಿ ಕನ್ನಡ ನಾಡು ಬರುವುದು ಅಲ್ಲಿಯೇ. ಶೆಫೀಲ್ಡಿನಲ್ಲಿ ಗಡಿಯಾರ ಮಾಡುವ ಬೆಂಜಮಿನ್ ಹಂಟ್ಸ್‌ಮನ್ 1740ರ ಸುಮಾರಿಗೆ ಮೂಸೆಯಲ್ಲಿ ಉಕ್ಕು ಕರಗಿಸುವುದನ್ನು ಸಾಧಿಸಿದ. ಆ ಉಕ್ಕು ಬಹಳ ಗಟ್ಟಿ ಎಂದು ಅವನ ಊರಿನ ಚಾಕುಗಾರರೇ ಮೊದಮೊದಲು ಕೊಳ್ಳಲಿಲ್ಲ, ಫ್ರಾನ್ಸಿನವರು ಕೊಂಡರು. ಆದರೆ ಮೂಸೆಯಲ್ಲಿ ಉಕ್ಕು ಮಾಡುವುದು ದಕ್ಷಿಣ ಭಾರತದಲ್ಲಿ ಅದಕ್ಕಿಂತ ಅನೇಕ ಶತಮಾನ ಹಳೆಯದು. ಒಂಬತ್ತನೆಯ ಶತಮಾನದ ಅರಬ್ ತತ್ತ್ವಜ್ಞಾನಿ ಅಲ್ ಕಿಂದಿ ಖಡ್ಗಗಳ ಬಗ್ಗೆ ಬರೆದ ಪ್ರಬಂಧದಲ್ಲೇ ಹಿಂದೂಸ್ತಾನದ ಖಡ್ಗಗಳ ಪ್ರಸ್ತಾಪವಿದೆ. 1790ರ ದಶಕದಲ್ಲಿ ಬೊಂಬಾಯಿಯ ವೈದ್ಯ ಹೆಲೆನಸ್ ಸ್ಕಾಟ್ ಇಂಥ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಸೊಸೈಟಿಯಲ್ಲಿ ಪ್ರಬಂಧ ಓದಿದ. ಅದರಲ್ಲಿ ಆ ಉಕ್ಕಿನ ಹೆಸರು ‘ವೂಟ್ಸ್’. ಕನ್ನಡದ ‘ಉಕ್ಕು’ ಎಂಬ ಪದವೇ ‘ವೂಕ್’ ಆಗಿ, ನಕಲು ಮಾಡುವವನ ಕೈತಪ್ಪಿನಿಂದ ‘ವೂಟ್ಸ್’ ಆಗಿರಬೇಕೆಂದು 1886ರ ‘ಹಾಬ್ಸನ್ ಜಾಬ್ಸನ್’ ನಿಘಂಟು ಊಹಿಸಿತು. ತೆಲುಗಿನಲ್ಲೂ ಅದು ಉಕ್ಕೇ, ಆದ್ದರಿಂದ ಹೆಮ್ಮೆಯಲ್ಲಿ ಅವರಿಗೂ ಪಾಲಿದೆ.

ಈ ಉಕ್ಕನ್ನು ಪರೀಕ್ಷಿಸಿದವರಲ್ಲಿ ಲಂಡನ್ನಿನ ಚಾಕುಗಾರ ಜೇಮ್ಸ್ ಸ್ಟೋಡಾರ್ಟ್ ಮುಖ್ಯ. ಯುರೋಪಿನ ಒಳ್ಳೆಯ ಉಕ್ಕಿಗಿಂತ ಇದೇ ಮೇಲೆಂದು ಮನಗಂಡು, ಶಸ್ತ್ರವೈದ್ಯರ ಉಪಕರಣ ಮತ್ತು ಕ್ಷೌರದ ಕತ್ತಿಗಳನ್ನು ಭಾರತದ ವೂಟ್ಸ್‌ನಿಂದ ಮಾಡುತ್ತೇನೆ ಎಂದು ತನ್ನ ಅಂಗಡಿಯ ಚೀಟಿಯಲ್ಲಿ ಅಚ್ಚು ಹಾಕಿಸಿಕೊಂಡ. ಮುಂದೆ ವಿದ್ಯುತ್ತಿನ ಸಂಶೋಧನೆಗಳಿಂದ ಜಗತ್ಪ್ರಸಿದ್ಧನಾದ ಮೈಕೆಲ್ ಫ್ಯಾರಡೆ, ಕಮ್ಮಾರನ ಮಗ, 1820ರ ಸುಮಾರಿಗೆ ಇದೇ ಸ್ಟೋಡಾರ್ಟ್ ಜೊತೆ ಸೇರಿ ವೂಟ್ಸ್‌ನ ಗುಟ್ಟು ಹುಡುಕುತ್ತ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದ. ಹಾಗೆ ಸಿಕ್ಕ ಒಂದು ಮಿಶ್ರಲೋಹದಿಂದ ಮಾಡಿದ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಉಡುಗೊರೆ ಕೊಡುವುದು ಅವನಿಗೆ ಬಹುಕಾಲದ ರೂಢಿಯಾಗಿತ್ತಂತೆ.

ಅಲ್ಲಿ ಹೀಗಾಗುತ್ತಿದ್ದಾಗ ಇಲ್ಲಿ ಟಿಪ್ಪು ಬಿದ್ದಿದ್ದ. ಅವನ ರಾಜ್ಯದಲ್ಲಿ ಏನೇನಿದೆ ಎಂದು ನೋಡಿ ಬರಲು ಕಂಪನಿ ಸರಕಾರ ಕಳಿಸಿದ ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಮಾಗಡಿಯ ಕಡೆ ಉಕ್ಕು ಮಾಡುತ್ತಿದ್ದವರ ವಿವರಗಳಿವೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಎರಡು ಹಸಿ ಎಲೆ ಇಟ್ಟು ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ತಿದಿ ಒತ್ತಿ ಕಾಯಿಸುತ್ತಿದ್ದರು. ತಂಗಡಿಯ ತೊಗಟೆಯಿಂದಲೇ ನಮ್ಮ ಕಡೆ ಚರ್ಮ ಹದ ಮಾಡುತ್ತಿದ್ದುದು. ಬೇಲಿಯಲ್ಲಿ ಹಳದಿ ಹೂ ಬಿಡುವ ಆ ಗಿಡ ಕತ್ತಿಗೂ ಬೇಕಾಯಿತು, ಚರ್ಮದ ಪಟ್ಟಿಗೂ ಬೇಕಾಯಿತು. ಚನ್ನಪಟ್ಟಣದಲ್ಲಿ ಉಕ್ಕಿನಿಂದ ಸಂಗೀತ ವಾದ್ಯದ ತಂತಿ ಎಳೆಯುತ್ತಿದ್ದುದನ್ನೂ ಬುಕನನ್ ಬರೆದಿದ್ದಾನೆ. ಗಟ್ಟಿ ಕಳಿಸಿದ ವೈದ್ಯನ ಹೆಸರು, ಪ್ರಬಂಧ ಓದಿದವನ ಹೆಸರು, ಕತ್ತಿ ಮಾಡಿದವನ ಹೆಸರು ಎಲ್ಲ ಇತಿಹಾಸದಲ್ಲಿವೆ. ಮೂಸೆ ಕಟ್ಟಿ ತಿದಿ ಒತ್ತಿದವರದ್ದು ಇಲ್ಲ.

ಮನೆಯಲ್ಲಿ ಕತ್ತಿ ಮಸೆಯುವ ಈ ನೂರೈವತ್ತು ವರ್ಷಗಳ ಸಾಹಸವನ್ನು ಮುಗಿಸಿದ್ದು ಮಸೆಯಲು ಬಾರದ ಒಬ್ಬ ಅಮೆರಿಕನ್. ಕಿಂಗ್ ಕ್ಯಾಂಪ್ ಜಿಲೆಟ್ ಬಾಟಲಿಯ ಮುಚ್ಚಳ ಮಾರುವ ಸೇಲ್ಸ್‌ಮನ್. ಒಮ್ಮೆ ಬಳಸಿ ಎಸೆಯುವಂಥ ವಸ್ತುವನ್ನು ಕಂಡುಹಿಡಿ, ಗಿರಾಕಿ ಮತ್ತೆ ಮತ್ತೆ ಬರುತ್ತಾನೆ ಎಂದು ಅವನಿಗೆ ಧಣಿ ಹೇಳಿದ್ದನಂತೆ. 1895ರ ಒಂದು ಬೆಳಗ್ಗೆ ಅವನ ಕತ್ತಿ ಚರ್ಮಕ್ಕೆ ಬಗ್ಗದಷ್ಟು ಮೊಂಡಾಗಿತ್ತು, ಸಾಣೆಗೆ ಕ್ಷೌರಿಕನ ಬಳಿಗೋ ಚಾಕುಗಾರನ ಬಳಿಗೋ ಒಯ್ಯಬೇಕಿತ್ತು. ಆ ಬೇಸರದಲ್ಲಿ ಕನ್ನಡಿಯ ಮುಂದೆ ನಿಂತಾಗಲೇ ತೆಳು ಬ್ಲೇಡಿನ ಯೋಚನೆ ಹೊಳೆಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಅಷ್ಟು ತೆಳು ತಗಡಿಗೆ ಹದ ಕೊಡುವ ಯಂತ್ರವನ್ನು ವಿಲಿಯಂ ನಿಕರ್ಸನ್ ರೂಪಿಸಬೇಕಾಯಿತು. 1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡು. 1904ರಲ್ಲಿ ರೇಜರುಗಳೇ 90 ಸಾವಿರ ದಾಟಿದವು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರಕಾರ ತನ್ನ ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರ್, ಮೂರು ಕೋಟಿಗೂ ಹೆಚ್ಚು ಬ್ಲೇಡುಗಳನ್ನು ಕೊಂಡಿತು. ಜಿಲೆಟ್ ಜಾಹೀರಾತುಗಳು ಸಾರುತ್ತಿದ್ದುದು ಒಂದೇ ಮಾತು: ಚರ್ಮಕ್ಕೆ ತೀಡಬೇಕಿಲ್ಲ, ಕಲ್ಲಿಗೆ ಮಸೆಯಬೇಕಿಲ್ಲ. ವಿದ್ಯೆ ಬೇಡವೆಂದು ಮಾರಿದ ಮೊದಲ ಸರಕೇನೂ ಅದಲ್ಲ, ಆದರೆ ಅಷ್ಟು ಚೆನ್ನಾಗಿ ಮಾರಾಟವಾದವು ಕಡಿಮೆ.

ನಮ್ಮಲ್ಲಿ ಬ್ಲೇಡು ಬಂದ ಮೇಲೂ ಕ್ಷೌರಿಕರ ಪೆಟ್ಟಿಗೆಯಲ್ಲಿ ಉಸ್ತ್ರಾ ಬಹಳ ವರ್ಷ ಉಳಿದಿತ್ತು. 1986ರಲ್ಲಿ ಮದರಾಸಿನಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದ ನಂತರ ಅದಕ್ಕೂ ಕಾಲ ಮುಗಿಯಿತು. ಒಬ್ಬೊಬ್ಬರಿಗೆ ಹೊಸ ಅರ್ಧ ಬ್ಲೇಡು ಸಿಕ್ಕಿಸಿ ಕೆಲಸ ಮುಗಿದ ಮೇಲೆ ಎಸೆಯುವ ಹಿಡಿಗಳು ಬಂದವು. ಹಜ್‌ನಲ್ಲಿ ತಲೆ ಬೋಳಿಸುವವರಿಗೂ ಸೌದಿ ಸರಕಾರ ಪರವಾನಗಿ ಕಡ್ಡಾಯ ಮಾಡಿದೆ, ಒಬ್ಬರಿಗೆ ಬಳಸಿದ ಬ್ಲೇಡನ್ನು ಇನ್ನೊಬ್ಬರಿಗೆ ಬಳಸುವಂತಿಲ್ಲ. ಇದು ಆಗಲೇಬೇಕಾಗಿದ್ದ ಬದಲಾವಣೆ, ತಕರಾರಿಲ್ಲ. ಕ್ಷೌರಿಕನ ಮಸೆಗಲ್ಲು ಮಾತ್ರ ನಿರುದ್ಯೋಗಿಯಾಯಿತು.

ಅದರ ಜೊತೆಗೆ ಹೋಗಬೇಕಾಗಿದ್ದ ಒಂದು ವಸ್ತು ಹೋಗಲಿಲ್ಲ. ಅದು ಬೈಗುಳ. ‘ಹಜ್ಜಾಮ್’ ಅರಬೀ ಪದ. ಅದರ ಮೂಲ ಅರ್ಥ ಕ್ಷೌರಿಕನಲ್ಲ, ಹಿಜಾಮ ಮಾಡುವವನು, ಅಂದರೆ ಚರ್ಮಕ್ಕೆ ಬಟ್ಟಲು ಹಚ್ಚಿ ಕೆಟ್ಟ ರಕ್ತ ತೆಗೆಯುವವನು. ಪ್ರವಾದಿಯವರಿಗೆ ಹಿಜಾಮ ಮಾಡಿದ ಅಬೂ ತೈಬ ಒಬ್ಬ ಗುಲಾಮ. ಅವನಿಗೆ ಕೂಲಿ ಕೊಡಿಸಿದ್ದಲ್ಲದೆ, ಅವನ ಧಣಿಗಳೊಂದಿಗೆ ಮಾತನಾಡಿ ಅವನು ಕೊಡಬೇಕಾಗಿದ್ದ ಪಾಲನ್ನೂ ಇಳಿಸಿದರೆಂದು ಬುಖಾರಿಯ ಸಂಗ್ರಹದಲ್ಲಿದೆ. ಸಾವಿರ ವರ್ಷ ಹಿಂದೆ ಕೊರ್ಡೋವಾದ ಅಲ್ ಜಹ್ರಾವಿ ತನ್ನ ವೈದ್ಯಗ್ರಂಥದ ಕೊನೆಯ ಭಾಗದಲ್ಲಿ ಶಸ್ತ್ರಚಿಕಿತ್ಸೆಯ ಸುಮಾರು ಇನ್ನೂರು ಉಪಕರಣಗಳ ಚಿತ್ರ ಬರೆದಾಗ, ರಕ್ತ ತೆಗೆಯುವ ಅಲಗುಗಳನ್ನೂ ಹಿಜಾಮದ ಬಟ್ಟಲುಗಳನ್ನೂ ಬಿಡಲಿಲ್ಲ. ಅದೇ ಪದ ಪಾರಸಿ, ಉರ್ದು ದಾಟಿ ಕನ್ನಡಕ್ಕೆ ಬರುವಷ್ಟರಲ್ಲಿ ಸಿನಿಮಾದ ಖಳನಾಯಕ ಉಗುಳುವ ಮಾತಾಯಿತು. ಹನ್ನೆರಡನೆಯ ಶತಮಾನದಲ್ಲಿ ಹಡಪದ ಅಪ್ಪಣ್ಣ ಬಸವಣ್ಣನವರ ಪಕ್ಕದಲ್ಲಿ ಕುಳಿತ, ವಚನ ಬರೆದ. ಅವನ ಹೆಂಡತಿ ಲಿಂಗಮ್ಮನೂ ಬರೆದಳು. ಅಂಥ ನಾಡಿನಲ್ಲಿ ಈ ಬೈಗುಳಕ್ಕೆ ಇಷ್ಟು ಆಯುಷ್ಯ.

ಮುಸ್ಲಿಮರಲ್ಲಿ ಜಾತಿ ಇಲ್ಲ ಎಂದು ಭಾಷಣ ಮಾಡುವ ನಾವೂ ಈ ವಿಷಯದಲ್ಲಿ ಮುಖ ತಿರುಗಿಸುವಂತಿಲ್ಲ. ನಮ್ಮ ಮಕ್ಕಳ ಸುನ್ನತ್ ಮಾಡಿ, ಗಾಯಕ್ಕೆ ಪಟ್ಟಿ ಕಟ್ಟಿ, ಮದುವೆಯ ದಿನ ಮದುಮಗನನ್ನು ಸಿಂಗರಿಸಿದ ಹಜಾಮನ ಮನೆಗೆ ನಮ್ಮ ಹೆಣ್ಣು ಕೊಡುವ ಮಾತು ಬಂದಾಗ ಖಾನ್‌ದಾನದ ಪ್ರಶ್ನೆ ಏಳುತ್ತದೆ. ಕರಾವಳಿಯ ಮಾಪಿಳ್ಳೆಗಳಲ್ಲಿ ಒಸ್ಸಾನ್ ಎಂಬ ಕ್ಷೌರಿಕ ಪಂಗಡವನ್ನು ಇತರರು ತಲೆತಲಾಂತರ ಬೇರೆಯಾಗಿಯೇ ಇಟ್ಟರು. ಮಸೀದಿಯ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರೇ ಮನೆಯ ಚಾವಡಿಯಲ್ಲಿ ಅಂತರ ಅಳೆಯುತ್ತಿದ್ದರು. ಪ್ಯಾರಿಸಿನ ದೊರೆ ಮನೆಯ ಕೋಣೆಯಲ್ಲಿ ಕದ ಹಾಕಿಕೊಂಡು ಕ್ಷೌರಿಕನ ವಿದ್ಯೆ ಕಲಿತ, ಕ್ಷೌರಿಕನ ಜೊತೆ ಊಟಕ್ಕೆ ಕೂರಲಿಲ್ಲ. ನಾವು ವಿದ್ಯೆಯನ್ನೂ ಕಲಿಯಲಿಲ್ಲ.

ಮೊಹಲ್ಲಾದ ಆ ಚಾಚಾ ತೀರಿಕೊಂಡು ಎಷ್ಟೋ ವರ್ಷಗಳಾದವು. ಅವರ ಮೊಮ್ಮಗ ಈಗ ಸಲೂನ್ ನಡೆಸುತ್ತಾನೆ. ಗೋಡೆಯ ತುಂಬ ಕನ್ನಡಿ, ಮೇಲೆ ಟೀವಿ. ಕಳೆದ ವರ್ಷ ದಾದಾನ ಉಸ್ತ್ರಾ ಒಯ್ದು ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದ. ಇದಕ್ಕೆ ಬ್ಲೇಡು ಎಲ್ಲಿ ಹಾಕುವುದು ಸಾಬ್ ಎಂದು ಕೇಳಿದ. ಅವರಜ್ಜನ ಕಲ್ಲು ಇದೆಯೇ ಎಂದಾಗ ಒಳಗೆ ಹೋಗಿ ಹುಡುಕಿ ತಂದ. ನಡುವೆ ದೋಣಿಯಂತೆ ಸವೆದು ಹೋಗಿತ್ತು. ಮಾರುತ್ತೀಯಾ ಎಂದೆ. ಇಲ್ಲ ಎಂದ, ಬೇಕಾದರೆ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬಂದು ಇಲ್ಲೇ ಕೂತು ಮಸೆಯಿರಿ ಎಂದ. ಮೊದಲು ಕಲ್ಲನ್ನು ಸಮ ಮಾಡಬೇಕಿತ್ತು. ಅದಕ್ಕೇ ಮೂರು ಮಧ್ಯಾಹ್ನ ಹಿಡಿಯಿತು. ನಾಲ್ಕನೆಯ ದಿನ ನಾನು ಕತ್ತಿ ಮಲಗಿಸಿದಾಗ ಅವನೂ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ. ಅವನ ಅಜ್ಜ ನನಗೆ ಹೇಳಿದ ಮಾತನ್ನು ನಾನು ಅವನಿಗೆ ಹೇಳಿದೆ. ಉಸ್ತ್ರಾ ಈಗ ಮುಂಗೈ ಕೂದಲು ತೆಗೆಯುತ್ತದೆ. ಗಡ್ಡಕ್ಕೆ ಹಚ್ಚುವ ಧೈರ್ಯ ನಮ್ಮಿಬ್ಬರಿಗೂ ಇನ್ನೂ ಬಂದಿಲ್ಲ.